ಗೊಂಬೆಬಟ್ಟೆಯ ಕೌದಿ

ಕಳೆದ ತಿಂಗಳ ಸಂಚಿಕೆಯಲ್ಲಿ, ಮಳೆಗಾಲ ಮುಗಿದೊಡನೆ ಪೆಟ್ಟಿಗೆಯೊಳಗಿನ ಬಟ್ಟೆಬರೆಗಳಿಗೆ ಬಿಸಿಲು ತೋರಿಸತಕ್ಕ ವಿಷಯವಾಗಿ ನಾಲ್ಕು ಮಾತುಗಳನ್ನು ಬರೆದಿದ್ದೆನಷ್ಟೆ. ಪರರಿಗೆ ಬುದ್ಧಿ ಹೇಳಿದವಳು ತಾನೂ ಆ ಕೆಲಸವನ್ನು ಮಾಡಬೇಕಲ್ಲವೆ? ದೀಪಾವಳಿಗೆಂದು ಧಾರವಾಡದ ತವರುಮನೆಗೆ ಹೋಗಿದ್ದಾಗ, ನಮ್ಮ ವೈನಿಯವರೊಡನೆ ಕೂಡಿ ಅಟ್ಟದ ಮೇಲಿನ ಕಬ್ಬಿಣದ ಟ್ರಂಕುಗಳನ್ನು ಒಂದೊಂದಾಗಿ ಕೆಳಗಿಳಿಸಿದೆನು. ಮೂರನೆಯ ಟ್ರಂಕಿನ ತಳದಲ್ಲಿ, ಒಣಗಿ ಪುಡಿಯಾಗಿದ್ದ ಬೇವಿನೆಲೆಗಳ ಕೆಳಗೆ, ಬಿಳಿಯ ಧೋತರದ ತುಂಡಿನಲ್ಲಿ ಕಟ್ಟಿದ ಒಂದು ಗಂಟು ಇತ್ತು. ಅದನ್ನು ಕಂಡೊಡನೆ ವೈನಿಯವರು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ನಾನೇ ಬಿಚ್ಚಿದೆನು.

ಒಳಗೆ ಇದ್ದುವು ಚಿಕ್ಕ ಮಕ್ಕಳ ಉಡುಪುಗಳು: ಝಬಲೆ, ಕುಂಚಿಗೆ, ಫ್ರಾಕು, ಚಡ್ಡಿ, ಅಂಗಿ. ಬಹುಮಟ್ಟಿಗೆ ಎಲ್ಲವೂ ಗೊಂಬೆಬಟ್ಟೆಯವು. ಹೂಬಳ್ಳಿಗಳ ಬದಲಾಗಿ ಆನೆ, ಗಿಳಿ, ಕೊಡೆ, ಬಲೂನು, ಡೋಲು ಬಾರಿಸುವ ಮಂಗ ಮೊದಲಾದ ಚಿತ್ರಗಳನ್ನು ಅಚ್ಚೊತ್ತಿದ ಹತ್ತಿಯ ಬಟ್ಟೆಗೆ ನಮ್ಮ ಮನೆಯಲ್ಲಿ ಮೊದಲಿನಿಂದಲೂ ಈ ಹೆಸರೇ ನಡೆದು ಬಂದಿದೆ. ಗಂಟಿನಲ್ಲಿ ಎಲ್ಲಕ್ಕೂ ಕೆಳಗೆ ಇದ್ದದ್ದು ನೀಲಿಯ ಒಂದು ಅಂಗಿ. ಅದರ ತುಂಬ ಹೊಗೆ ಬಿಡುವ ಕೆಂಪು ಉಗಿಬಂಡಿಗಳು. ಅದು ವೈನಿಯವರ ಚೊಚ್ಚಲ ಮಗನದು. ಆಗ ನಮ್ಮ ಮನೆಯು ರೈಲುಹಳಿಗೆ ಸಮೀಪದಲ್ಲಿದ್ದಿತು. ಗಾಡಿಯ ಸದ್ದು ಕೇಳಿದೊಡನೆ ಊಟದ ತಾಟನ್ನು ಬಿಟ್ಟು ಹೊರಗೆ ಓಡುತ್ತಿದ್ದ ಆ ಹುಡುಗನು ಐದು ವರುಷ ತುಂಬುವುದರೊಳಗಾಗಿ ಜ್ವರದಿಂದ ತೀರಿಕೊಂಡನು. ಆ ಮಾತಿಗೆ ಈಗ ಮೂವತ್ತೈದು ವರುಷಗಳಾದುವು. ಅವನ ಬೆನ್ನಿಗೆ ಹುಟ್ಟಿದ ಮಗಳು ಬರುವ ಮಾಘಮಾಸದಲ್ಲಿ ಬಾಣಂತಿತನಕ್ಕೆ ತವರಿಗೆ ಬರತಕ್ಕವಳಿದ್ದಾಳೆ.

ಬಹಳ ಹೊತ್ತು ಸುಮ್ಮನಿದ್ದು ವೈನಿಯವರು, ಇವೆಲ್ಲವನ್ನೂ ಕೂಡಿಸಿ ಬರುವ ಕೂಸಿಗೊಂದು ಕೌದಿ ಮಾಡೋಣವೆಂದರು. ಅಂಗಿಯನ್ನೂ ಹಾಕುವಿರಾ ಎಂದು ನಾನು ಕೇಳಲಿಲ್ಲ. ಕೇಳಿದವಳು ಅವ್ವ. ತೊಂಬತ್ತರ ಹತ್ತಿರದ ಆಕೆಯು ಕಟ್ಟೆಯ ಮೇಲೆ ಬತ್ತಿ ಹೊಸೆಯುತ್ತ ಕೂತಿದ್ದಳು. ಕಣ್ಣು ಮಂಜಾದರೂ ಕಿವಿ ಚುರುಕು. “ಹೋದ ಕೂಸಿನ ಅರಿವಿ ಬರೋ ಕೂಸಿನ ಮೈಮ್ಯಾಲೆ ಹಾಕಬ್ಯಾಡ” ಎಂದಳು. ನಮ್ಮವರಲ್ಲಿ ಹುಟ್ಟಿದ ಕೂಸಿಗೆ ಮೊದಲು ಹಳೆಯ ಬಟ್ಟೆಯನ್ನೇ ಸುತ್ತುವುದು ವಾಡಿಕೆ. ಆದರೆ ಅದು ತುಂಬಿದ ಬಾಳನ್ನು ಬಾಳಿದ ಹಿರಿಯರ ಬಟ್ಟೆಯಾಗಿರತಕ್ಕದ್ದು. ಅವ್ವನ ಮಾತಿಗೆ ಆಧಾರವಿಲ್ಲವೆಂದು ಹೇಳುವಂತಿರಲಿಲ್ಲ. ವೈನಿಯವರು ಮಾತ್ರ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತ, “ಮೈಮ್ಯಾಲೆ ಹಾಕೂದಲ್ಲರಿ ಅತ್ತಿ, ಕೆಳಗ ಹಾಸೂದು. ನಾವು ಕತ್ತರಸಲಿಲ್ಲಂದ್ರ ಇಲಿ ಕತ್ತರಸ್ತಾವ” ಎಂದರು. ಅವ್ವ ಮತ್ತೆ ಮಾತಾಡಲಿಲ್ಲ. ಒಪ್ಪಿದಳೆಂದು ಅದಕ್ಕೆ ಅರ್ಥವಲ್ಲ.

ಇರಲಿ. ಹಾಸುವುದೆಂಬ ಮಾತು ಬೇರೊಂದು ಕಾರಣಕ್ಕೂ ಸರಿಯಾದುದೇ. ಮಗುವಿಗೆ ಒಂದು ವರುಷ ತುಂಬುವವರೆಗೂ ನಿದ್ರೆಯಲ್ಲಿರುವಾಗ ಅದರ ಮೇಲೆ ಕೌದಿಯನ್ನಾಗಲಿ ದಪ್ಪ ಹೊದಿಕೆಯನ್ನಾಗಲಿ ಸಡಿಲಾಗಿ ಹೊದಿಸಬಾರದೆಂದು ಈಗಿನ ವೈದ್ಯರು ಹೇಳುತ್ತಾರೆ. ಮುಖದ ಮೇಲೆ ಸರಿದರೆ ಉಸಿರಿಗೆ ತೊಂದರೆ. ಎಚ್ಚರವಿದ್ದಾಗ ನೆಲದ ಮೇಲೆ ಹಾಸಿ, ದೊಡ್ಡವರ ಕಣ್ಣೆದುರಿಗೆ ಬೋರಲು ಮಲಗಿಸಿ ಆಡಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಹಾಸು ಬೇರೊಂದಿಲ್ಲ. ಹಾಗೆ ಮಲಗಿದ ಕೂಸಿನ ಕಣ್ಣಿಗೆ ಒಂದು ಗೇಣಿನ ದೂರದಲ್ಲಿಯೇ ಆನೆ ಗಿಳಿಗಳಿರುವುವು.

ಗೊಂಬೆಬಟ್ಟೆಯನ್ನು ಕೂಡಿಸುವುದು ಹೂವಿನ ಬಟ್ಟೆಯನ್ನು ಕೂಡಿಸಿದಷ್ಟು ಸುಲಭವಲ್ಲ. ಹೂವಿನ ಚೀಟಿಬಟ್ಟೆಯನ್ನು ಎಲ್ಲಿ ಕತ್ತರಿಸಿದರೂ ಹೂವು ಹೂವೇ. ಅರ್ಧ ಗುಲಾಬಿಯೂ ನೋಡಲು ಚೆನ್ನ. ಅರ್ಧ ಆನೆ ಹಾಗಲ್ಲ. ಚಿತ್ರಕ್ಕೆ ತಲೆಯುಂಟು, ಕಾಲುಂಟು, ಮೇಲು ಕೆಳಗುಗಳುಂಟು. ಅಲ್ಲದೆ ಪ್ರತಿಯೊಂದು ಚಿತ್ರವೂ ನೋಡುವವರನ್ನು ತನ್ನ ಕಡೆಗೆ ಕರೆಯುತ್ತದೆ. ಐವತ್ತು ಚಿತ್ರಗಳನ್ನು ಒಂದಕ್ಕೊಂದು ತಗಲುವಂತೆ ಹೊಲಿದರೆ ಸಂತೆಯ ಗದ್ದಲವಾಗುವುದೇ ಹೊರತು ಕೌದಿಯಾಗುವುದಿಲ್ಲ.

ಈ ಗದ್ದಲದ ವಿಷಯವಾಗಿ ಒಂದು ಸಂಗತಿ ನೆನಪಿಗೆ ಬರುತ್ತದೆ. ರಷ್ಯದಲ್ಲಿ ೧೯೨೦ರ ದಶಕದ ಕೊನೆಯ ಹೊತ್ತಿಗೆ ಇವಾನೊವೊ ಮೊದಲಾದ ಕಡೆಯ ಗಿರಣಿಗಳು ಟ್ರ್ಯಾಕ್ಟರು, ವಿಮಾನ, ಕಾರಖಾನೆಯ ಚಿಮಣಿ ಇವುಗಳನ್ನೇ ಅಚ್ಚೊತ್ತಿ ಜನರ ಉಡುಪಿಗೆ ಬಟ್ಟೆಯನ್ನು ತಯಾರಿಸಿದುವು. ೧೯೩೩ರಲ್ಲಿ ಅಲ್ಲಿಯ ‘ಪ್ರಾವ್ದಾ’ ಪತ್ರಿಕೆಯೇ, ಮೈಯ ಮುಂದೊಂದು ಟ್ರ್ಯಾಕ್ಟರು ಹಿಂದೊಂದು ಕಟಾವಿನ ಯಂತ್ರ ಹೊತ್ತು ನಡೆಯುವುದೆ ಎಂದು ಅದನ್ನು ಹಾಸ್ಯ ಮಾಡಿತು. ಮೈತುಂಬ ಉಡುವುದಕ್ಕೆ ಅದು ಒಪ್ಪದಿದ್ದೀತು. ಅಂಗೈಯಗಲದ ಒಂದೊಂದು ಚೌಕವಾಗಿ ಕೌದಿಗೆ ಹಾಕಿದ್ದರೆ ಬಲು ಸೊಗಸಾಗುತ್ತಿತ್ತೆಂದು ನನ್ನ ಅಭಿಪ್ರಾಯ.

ಅಮೆರಿಕೆಯ ಒಕ್ಕಲಗಿತ್ತಿಯರು ಇದಕ್ಕಿಂತ ಜಾಣರು. ಅಲ್ಲಿ ಹಿಟ್ಟು, ಕೋಳಿಯ ಕಾಳು, ದನದ ಮೇವು ಇವೆಲ್ಲ ಹತ್ತಿಯ ಚೀಲಗಳಲ್ಲಿ ಬರುತ್ತಿದ್ದ ಕಾಲವೊಂದಿತ್ತು. ಬರಿದಾದ ಚೀಲವನ್ನು ಹೆಂಗಸರು ಬಿಚ್ಚಿ ಉಡುಪಿಗೆ ಬಳಸುವುದನ್ನು ಕಂಡು, ೧೯೨೫ರ ಸುಮಾರಿಗೆ ಸೇಂಟ್ ಲೂಯಿಸ್ ಪಟ್ಟಣದ ಒಂದು ಹಿಟ್ಟಿನ ಗಿರಣಿಯವರು ಚೌಕಳಿ ಬಟ್ಟೆಯ ಚೀಲದಲ್ಲಿಯೇ ಹಿಟ್ಟನ್ನು ತುಂಬಿ ಮಾರತೊಡಗಿದರು. ಮುಂದೆ ೧೯೩೦ರ ದಶಕದ ಕಷ್ಟಕಾಲದಲ್ಲಿ ಹೂವು, ಹಕ್ಕಿ, ಮಕ್ಕಳ ಕಥೆಯ ಚಿತ್ರ ಎಲ್ಲವೂ ಚೀಲದ ಮೇಲೆ ಬಂದುವು. ೧೦೦ ಪೌಂಡು ಹಿಡಿಯುವ ಒಂದು ಚೀಲವನ್ನು ಬಿಚ್ಚಿದರೆ ಒಂದು ಗಜಕ್ಕಿಂತ ತುಸು ಹೆಚ್ಚು ಬಟ್ಟೆ. ಒಂದೇ ಅಚ್ಚಿನ ಮೂರು ಚೀಲ ಕೂಡಿದರೆ ಒಬ್ಬಳಿಗೆ ಉಡುಪು. ಉಳಿದ ಚೂರುಗಳು ಕೌದಿಗೆ. ಕಾಳು ತರಲು ಅಂಗಡಿಗೆ ಹೊರಟ ಗಂಡನ ಕೈಯಲ್ಲಿ ಹೆಂಡತಿಯು ಬಟ್ಟೆಯ ಚೂರೊಂದನ್ನು ಕೊಟ್ಟು, ಇದೇ ಅಚ್ಚಿನ ಚೀಲವನ್ನು ಆರಿಸಿ ತರತಕ್ಕದ್ದೆಂದು ಹೇಳಿ ಕಳಿಸುತ್ತಿದ್ದಳಂತೆ. ಆ ಚೀಲವು ರಾಶಿಯ ತಳದಲ್ಲಿದ್ದರೆ ಆ ಗಂಡಂದಿರ ಪಾಡೇನೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಇನ್ನು ನಮ್ಮ ಕೌದಿಗೆ ಬರೋಣ. ಉತ್ತರ ಕರ್ನಾಟಕದಲ್ಲಿ ಕೌದಿಯ ಮೇಲ್ಪದರವನ್ನು ಬೇರೆಯಾಗಿ ಹೊಲಿಯುವ ಪದ್ಧತಿ ಸಾಮಾನ್ಯವಾಗಿ ಇಲ್ಲ. ಹಳೆಯ ಸೀರೆಗಳನ್ನು ನೆಲದ ಮೇಲೆ ಪದರವಾಗಿ ಹಾಸಿ, ಅದರ ಮೇಲೆ ಚೂರುಗಳ ಅಂಚನ್ನು ಒಳಕ್ಕೆ ಮಡಿಚಿಡುತ್ತ, ಸೂಜಿಯನ್ನು ಮೇಲೆ ಕೆಳಗೆ ಓಡಿಸುವ ಸಾದಾ ಹೊಲಿಗೆಯಿಂದ ಎಲ್ಲವನ್ನೂ ಒಮ್ಮೆಗೇ ಹಿಡಿಯುತ್ತಾರೆ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಕಾಡಿನಂಚಿನ ಊರುಗಳಲ್ಲಿರುವ ಸಿದ್ದಿ ಹೆಂಗಸರ ಕೌದಿಯೂ ಇದೇ ಜಾತಿಯದು. ಇವರ ಪೂರ್ವಿಕರು ಶತಮಾನಗಳ ಹಿಂದೆ ಆಫ್ರಿಕದಿಂದ ಬಂದವರು. ಇವರು ಒಂದು ಮೂಲೆಯಿಂದ ಆರಂಭಿಸಿ ಅಂಚಿನಗುಂಟ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುವರು. ಕೊನೆಗೆ ನಾಲ್ಕು ಮೂಲೆಗಳಿಗೆ ಮಡಿಚಿದ ಬಟ್ಟೆಯ ಮುಮ್ಮೂಲೆಯ ಹೂಗಳನ್ನು ಹಚ್ಚದಿದ್ದರೆ ಕೌದಿ ಪೂರ್ಣವಾಯಿತೆಂದು ಒಪ್ಪುವುದಿಲ್ಲ. ಅಳತೆಗೋಲನ್ನು ಮುಟ್ಟದೆ ಅವರು ಸಾಧಿಸುವ ಬಣ್ಣಗಳ ಹೊಂದಿಕೆಯನ್ನು ಕಂಡರೆ ನಮ್ಮ ಅಳತೆಗಳ ಬಗ್ಗೆ ನಾಚಿಕೆಯಾಗುವುದು. ಆದರೂ ಗೊಂಬೆಬಟ್ಟೆಗೆ ಆ ಕ್ರಮವು ಅಷ್ಟಾಗಿ ಹೊಂದದು. ಚೂರಿನ ಮೇಲೆ ಚೂರು ಬಂದು, ಅಂಚು ಕೈಗೆ ಬಂದಂತೆ ಮಡಿಚಿಹೋಗಿ, ಮಂಗನ ಡೋಲು ಉಳಿದು ಮಂಗನು ಒಳಗೆ ಸೇರುವನು. ಆದುದರಿಂದ ಚಿತ್ರವನ್ನು ಉಳಿಸಬೇಕೆಂಬವರು ಮೇಲ್ಪದರವನ್ನು ಮೊದಲು ಬೇರೆಯಾಗಿ ಕೂಡಿಸಿಕೊಂಡು ಅನಂತರ ಸೀರೆಗಳ ಮೇಲೆ ಹಾಸುವುದು ಲೇಸು.

ಮೊದಲನೆಯ ಕೆಲಸ ಆರಿಸುವುದು. ಹತ್ತಿಯೊಡನೆ ಹತ್ತಿಯನ್ನೇ ಕೂಡಿಸತಕ್ಕದ್ದು. ಈಗಿನ ಮಕ್ಕಳ ಉಡುಪುಗಳಲ್ಲಿ ಪಾಲಿಯೆಸ್ಟರಿನ ಬೆರಕೆಯೇ ಹೆಚ್ಚು. ಮುಟ್ಟಿ ನೋಡಿ ತಿಳಿಯುವುದು ಕಷ್ಟ. ಅಂಚಿನಿಂದ ಒಂದೆಳೆಯನ್ನು ಎಳೆದು, ಇಕ್ಕಳದಲ್ಲಿ ಹಿಡಿದು ಕಡ್ಡಿಯಿಂದ ಸುಟ್ಟರೆ, ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿಯಾಗುವುದು. ಮಿಕ್ಕದ್ದಾದರೆ ಮುದುರಿ, ಕರಗಿ, ಗಟ್ಟಿಯಾದ ಮಣಿಯಂತಾಗುವುದು. ಮಣಿಯಾದುದನ್ನು ಪಕ್ಕಕ್ಕಿಡಿರಿ. ಅದು ಇಸ್ತ್ರಿಯ ಕಾವನ್ನು ತಾಳದು, ಒಗೆದಾಗ ಹತ್ತಿಯ ಜೊತೆಗೆ ಕುಗ್ಗದು. ಎರಡು ಸಲ ಒಗೆದ ಮೇಲೆ ಅಕ್ಕಪಕ್ಕದ ತುಂಡುಗಳು ಸುಕ್ಕಾಗುವುವು.

ಆಮೇಲೆ ಪ್ರತಿಯೊಂದನ್ನೂ ಬೇರೆಬೇರೆಯಾಗಿ ಒಗೆಯಬೇಕು. ಕೆಂಪು, ಕಡುನೀಲಿಗಳ ವಿಷಯದಲ್ಲಿ ಯಾರ ಮಾತನ್ನೂ ನಂಬಬೇಡಿರಿ. ಒದ್ದೆಯಾದ ಬಟ್ಟೆಯ ಮೇಲೆ ಬಿಳಿಯ ಚಿಂದಿಯನ್ನಿಟ್ಟು ಇಸ್ತ್ರಿಯನ್ನು ಒತ್ತಿದರೆ, ಬಣ್ಣ ಬಿಡುವ ಗುಣವಿದ್ದರೆ ಚಿಂದಿಯ ಮೇಲೆ ಕಲೆ ಕಾಣುವುದು. ಉಪ್ಪುನೀರಿನಲ್ಲಿ ನೆನೆಯಿಟ್ಟರೆ ಬಣ್ಣ ನಿಲ್ಲುವುದೆಂಬ ಮಾತು ಎಲ್ಲ ಮನೆಗಳಲ್ಲಿಯೂ ಉಂಟು. ಗಿರಣಿಯಲ್ಲಿ ಅಚ್ಚಾದ ಈಗಿನ ಬಣ್ಣಗಳನ್ನು ಉಪ್ಪಾಗಲಿ ಹುಳಿಯಾಗಲಿ ನಿಲ್ಲಿಸಲಾರದು. ನೀರು ತಿಳಿಯಾಗುವವರೆಗೂ ಮತ್ತೆ ಮತ್ತೆ ಒಗೆಯುವುದೊಂದೇ ದಾರಿ. ನಾಲ್ಕು ಸಲಕ್ಕೂ ತಿಳಿಯಾಗದ ಕೆಂಪು ಫ್ರಾಕೊಂದನ್ನು ನಾವು ಮನಸ್ಸು ಗಟ್ಟಿಮಾಡಿ ಬಿಟ್ಟುಬಿಟ್ಟೆವು. ಬಹಳ ತೆಳುವಾದ ಬಟ್ಟೆಗೆ ಹಿಂದಿನಿಂದ ಬಿಳಿಯ ಮಲ್ಲು ಬಟ್ಟೆಯ ಆಸರೆಯನ್ನು ಉದ್ದುದ್ದ ಟಾಕುಗಳಿಂದ ಹಿಡಿಸಿಕೊಳ್ಳಿರಿ. ಅನಂತರ ತಿಳಿಗಂಜಿಯಲ್ಲಿ ಅದ್ದಿ, ಅರೆಹಸಿಯಾಗಿರುವಾಗಲೇ ಇಸ್ತ್ರಿ ಮಾಡತಕ್ಕದ್ದು. ಗಂಜಿಯಿಂದ ಬಟ್ಟೆ ಕಾಗದದಂತೆ ನಿಲ್ಲುವುದು. ಇದು ಏಕೆ ಅಗತ್ಯವೆಂದರೆ, ಗಿರಣಿಯ ಅಚ್ಚು ಎಷ್ಟೋ ಸಲ ಹಾಸುಹೊಕ್ಕಿಗೆ ಸರಿಯಾಗಿ ಕೂತಿರುವುದಿಲ್ಲ. ಚಿತ್ರವು ನೆಟ್ಟಗೆ ನಿಲ್ಲುವಂತೆ ಕತ್ತರಿಸಿದರೆ ಬಟ್ಟೆಯ ಎಳೆ ಓರೆಯಾಗುವುದು; ಓರೆಯಾದ ಅಂಚು ಕೈಯಲ್ಲಿ ಹಿಡಿದಷ್ಟಕ್ಕೇ ಜಗ್ಗುವುದು. ಗಂಜಿಯಿದ್ದರೆ ಆ ಜಗ್ಗುವಿಕೆ ಕಡಿಮೆ. (ಕೌದಿ ಮುಗಿದ ಮೇಲೆ ಗಂಜಿಯನ್ನು ಚೆನ್ನಾಗಿ ಒಗೆದು ತೆಗೆಯಲು ಮರೆಯಬಾರದು, ಇಲ್ಲವಾದರೆ ಜಿರಲೆಗಳಿಗೆ ಔತಣವಿತ್ತಂತೆ.)

ಕತ್ತರಿಸುವ ವಿಷಯವನ್ನು ನಾನು ತುಸು ವಿಸ್ತಾರವಾಗಿ ಹೇಳಬೇಕು. ಯಾಕೆಂದರೆ ತಪ್ಪು ನಡೆದದ್ದು ಇಲ್ಲಿಯೇ, ಮಾಡಿದವಳೂ ನಾನೇ.

ಹೊಲಿದ ಮೇಲೆ ೪ ಅಂಗುಲದ ಚೌಕ ಉಳಿಯಬೇಕಾದರೆ, ನಾಲ್ಕೂ ಕಡೆಗೆ ಕಾಲಂಗುಲದ ಹೊಲಿಗೆಪಾಲನ್ನು ಸೇರಿಸಿ ನಾಲ್ಕೂವರೆ ಅಂಗುಲದ ತುಂಡನ್ನು ಕತ್ತರಿಸಬೇಕಷ್ಟೆ. ಉಗಿಬಂಡಿಯ ಅಂಗಿಯ ಮುಂಭಾಗದಲ್ಲಿ ಗುಂಡಿಪಟ್ಟಿಯೂ ಕಿಸೆಯೂ ಬಂದು ಇಡಿಯಾದ ಬಂಡಿ ಒಂದೂ ಇರಲಿಲ್ಲ. ಬೆನ್ನಿನಲ್ಲಿ ಮೇಲೆರಡು ಕೆಳಗೆರಡು, ಹೀಗೆ ನಾಲ್ಕು ಬಂಡಿಗಳು ಪೂರ್ಣವಾಗಿದ್ದುವು. ವೈನಿಯವರು ಆ ಅಂಗಿಯನ್ನು ತಾವು ಕತ್ತರಿಸಲಾರದೆ ನನ್ನ ಮುಂದಿಟ್ಟು ಒಳಗೆ ಹೋದರು. ಬಟ್ಟೆ ಉಳಿಯಲೆಂಬ ಜಿಪುಣತನದಿಂದ ನಾನು ಅದನ್ನು ನಡುವೆ ಮಡಿಚಿ, ಹೆಗಲಿನ ಹೊಲಿಗೆಯಿಂದ ಅಳತೆಗೋಲನ್ನಿಟ್ಟು, ಗೆರೆ ಎಳೆದು, ಎರಡು ಪದರವನ್ನೂ ಕೂಡಿಯೇ ಕತ್ತರಿಸಿಬಿಟ್ಟೆನು. ಬಿಡಿಸಿ ನೋಡಿದರೆ ಎರಡು ಚೌಕಗಳಲ್ಲಿಯೂ ಮೇಲರ್ಧ ಬರಿಯ ನೀಲಿ ಆಕಾಶ. ಕೆಳಗಡೆಗೆ ಬಂಡಿಯ ಚಿಮಣಿ ಮತ್ತು ಹೊಟ್ಟೆ. ಗಾಲಿಗಳೆಲ್ಲ ಆಚೆಯ ತುಂಡಿನಲ್ಲಿ ಉಳಿದುವು. ಅಳತೆ ಎಳೆಯಷ್ಟೂ ತಪ್ಪಿರಲಿಲ್ಲ. ತಪ್ಪಿದ್ದು, ನೋಡಬೇಕಾದುದನ್ನು ನೋಡದೆ ಇದ್ದುದು.

ಹತ್ತು ರೂಪಾಯಿಯ ಬಟ್ಟೆಯಾಗಿದ್ದರೆ ಪೇಟೆಗೆ ಹೋಗಿ ಮತ್ತೆ ತರಬಹುದಾಗಿತ್ತು. ಮೂವತ್ತೈದು ವರುಷ ಪೆಟ್ಟಿಗೆಯಲ್ಲಿದ್ದ ಬಟ್ಟೆಗೆ ಪೇಟೆಯೆಲ್ಲಿ? ವೈನಿಯವರು ಬಂದು ನೋಡಿದರು. ಒಂದು ಮಾತನ್ನೂ ಆಡದೆ ತುಂಡುಗಳನ್ನೆಲ್ಲ ಸೆರಗಿನಲ್ಲಿ ಕಟ್ಟಿಕೊಂಡು ಅಡಿಗೆಮನೆಗೆ ಹೋದರು. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಅವ್ವ ಹೇಳಿದಂತೆ ಬಿಟ್ಟುಬಿಟ್ಟಿದ್ದರೆ ಅಂಗಿಯಾದರೂ ಅಂಗಿಯಾಗಿ ಉಳಿಯುತ್ತಿತ್ತೆಂದು ಮತ್ತೆ ಮತ್ತೆ ಅನ್ನಿಸಿತು.

ಸೋದರಿಯರು ಈ ತಪ್ಪಿಗೆ ಗುರಿಯಾಗದಂತೆ ಒಂದು ಸುಲಭವಾದ ಉಪಾಯವುಂಟು. ನನಗೆ ಅದು ತಿಳಿಯದ್ದೇನಲ್ಲ. ಆ ದಿನ ಸೋಮಾರಿತನದಿಂದ ಬಿಟ್ಟೆನು. ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದವನ್ನು ನಾಲ್ಕೂವರೆ ಅಂಗುಲದ ಚೌಕವಾಗಿ ಕತ್ತರಿಸಿ, ಅದರ ನಡುವೆ ೪ ಅಂಗುಲದ ಕಿಟಕಿಯನ್ನು ತೆಗೆಯಿರಿ. ಕಿಟಕಿಯ ಸುತ್ತಲೂ ಉಳಿಯುವ ಕಾಲಂಗುಲದ ಚೌಕಟ್ಟೇ ಹೊಲಿಗೆಪಾಲು. ಈ ಕಿಟಕಿಯನ್ನು ಬಟ್ಟೆಯ ಮೇಲೆ ಅತ್ತಿತ್ತ ಸರಿಸಿ, ಆನೆಯ ಕಿವಿಯಿಂದ ಕಾಲಿನವರೆಗೂ ಪೂರ್ತಿಯಾಗಿ ಒಳಗೆ ಕಂಡು, ಸುತ್ತಲೂ ತುಸು ಬಯಲು ಉಳಿದಾಗ ನಿಲ್ಲಿಸಿ, ಹೊರಗಿನ ಅಂಚಿನಗುಂಟ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಕಿಟಕಿಯಲ್ಲಿ ಕಂಡದ್ದೇ ಕೌದಿಯಲ್ಲಿ ಕಾಣುವುದು. ಚೌಕಟ್ಟಿನ ಕೆಳಗೆ ಹೋದದ್ದು ಹೊಲಿಗೆಯಲ್ಲಿ ಮುಚ್ಚಿಹೋಗುವುದು. ಬಾಲದ ತುದಿ ಚೌಕಟ್ಟಿಗೆ ತಗಲಿದರೆ ಕ್ಷಮಿಸಬಹುದು. ಕಣ್ಣು ತಗಲಿದರೆ ಕ್ಷಮೆಯಿಲ್ಲ. ಹೀಗೆ ಮಾಡಿದರೆ ಬಟ್ಟೆಯಲ್ಲಿ ತೂತುಗಳು ಬಿದ್ದಂತಾಗಿ ಬಹಳ ಚೂರು ವ್ಯರ್ಥವಾಗುವುದೆಂಬುದು ನಿಜ. ಗೊಂಬೆಬಟ್ಟೆಯ ಕೌದಿಗೆ ಕೈ ಹಾಕಿದವರು ಆ ವ್ಯರ್ಥವನ್ನು ಮೊದಲೇ ಒಪ್ಪಿಕೊಂಡಿರಬೇಕು. ಪದರಗಳನ್ನು ಕೂಡಿಸಿ ಎಂದಿಗೂ ಕತ್ತರಿಸಬಾರದು.

ಮರುದಿನ ಬೆಳಿಗ್ಗೆ ವೈನಿಯವರು ತುಂಡುಗಳನ್ನು ತಂದು ತೋರಿಸಿದರು. ಆಚೆಯ ಬಟ್ಟೆಯಿಂದ ಗಾಲಿಗಳ ಪಟ್ಟಿಯನ್ನು ಕತ್ತರಿಸಿ ಚೌಕದ ಕೆಳಗೆ ಕೂಡಿಸಿ, ಅಷ್ಟೇ ಅಗಲದ ಆಕಾಶವನ್ನು ಮೇಲಿನಿಂದ ತೆಗೆದುಹಾಕಿದ್ದರು. ಒಂದೊಂದು ಕಡೆಗೆ ಕಾಲಂಗುಲದಂತೆ ಅರ್ಧ ಅಂಗುಲ ಹೊಲಿಗೆಯೊಳಗೆ ಹೋಗಿತ್ತಾದ್ದರಿಂದ ಗಾಲಿಗಳು ಮುಕ್ಕಾಲು ಮುಳುಗಿ, ಬಂಡಿಯು ನೀರಿನಲ್ಲಿ ನಿಂತಂತೆ ಕಾಣುತ್ತಿದ್ದಿತು. “ಮಳಿಗಾಲದಾಗ ಬಂದ ಗಾಡಿ ಅನ್ನೂಣು” ಎಂದರು. ಅವರು ನಗಲಿಲ್ಲ, ಅಳಲೂ ಇಲ್ಲ. ಉಳಿದ ಎರಡು ಬಂಡಿಗಳನ್ನು ಕಿಟಕಿಯನ್ನಿಟ್ಟು ತಾವೇ ಕತ್ತರಿಸಿದರು.

ಇನ್ನು ಲೆಕ್ಕ. ಗದ್ದಲವನ್ನು ತಪ್ಪಿಸಲು ಚಿತ್ರದ ಚೌಕವೊಂದು, ಚಿತ್ರವಿಲ್ಲದ ಚೌಕವೊಂದು, ಹೀಗೆ ಚದುರಂಗದ ಹಾಸಿನಂತೆ ಹೊಂದಿಸುವುದೇ ಎಲ್ಲಕ್ಕೂ ಮೇಲೆಂದು ನನ್ನ ಅನುಭವ. ಅಡ್ಡಕ್ಕೆ ೯, ಉದ್ದಕ್ಕೆ ೧೧ ಚೌಕಗಳನ್ನಿಟ್ಟರೆ ೩೬ ಅಂಗುಲ ಅಗಲ, ೪೪ ಅಂಗುಲ ಉದ್ದದ ಮೇಲ್ಪದರ. ಎರಡೂ ಕಡೆಗೆ ಬೆಸಸಂಖ್ಯೆಯನ್ನಿಟ್ಟರೆ ನಾಲ್ಕು ಮೂಲೆಗಳಲ್ಲಿಯೂ ಒಂದೇ ತರದ ಚೌಕ ಬರುವುದು. ಸಮಸಂಖ್ಯೆಯಾದರೆ ಒಂದು ಮೂಲೆ ಹೀಗೆ, ಒಂದು ಮೂಲೆ ಹಾಗೆ ಆಗುವುದು. ೯೯ ಚೌಕಗಳಲ್ಲಿ ೫೦ ಚಿತ್ರದವು, ೪೯ ಸಾದಾ. ೪೪ ಅಂಗುಲ ಪನ್ನದ ಸಾದಾ ಬಟ್ಟೆಯಲ್ಲಿ ಒಂದು ಪಟ್ಟಿಗೆ ೯ ಚೌಕಗಳಂತೆ ಆರು ಪಟ್ಟಿಗಳು ಬೇಕು. ಮುಕ್ಕಾಲು ಗಜದಲ್ಲಿ ಲೆಕ್ಕಕ್ಕೆ ಮುಗಿಯುವುದಾದರೂ ಒಂದು ಗಜವನ್ನೇ ತೆಗೆದುಕೊಳ್ಳಿರಿ. ಒಗೆದಾಗ ಕುಗ್ಗುವುದು, ಕತ್ತರಿ ತಪ್ಪುವುದು ಎಲ್ಲರ ಮನೆಯಲ್ಲಿಯೂ ಇದ್ದದ್ದೇ. ಸಾದಾ ಬಟ್ಟೆಯ ಬಣ್ಣ ಬಿಳಿಯಾಗಿರಬಾರದು. ಬಹಳ ಚಿತ್ರಗಳ ಹಿನ್ನೆಲೆಯೇ ಬಿಳಿಯಾದುದರಿಂದ ಎರಡೂ ಒಂದಾಗಿ ಚೌಕದ ಅಂಚು ಮಾಯವಾಗುವುದು. ನಾವು ಇಟ್ಟಂಗಿಯ ಬಣ್ಣದ ಬಟ್ಟೆಯನ್ನು ತಂದೆವು. ಕೂಸು ಮಣ್ಣಾದ ಕೈಯನ್ನಿಟ್ಟರೂ ತಡೆದೀತು.

ಐವತ್ತು ಚಿತ್ರಗಳು ಬೇಕಾದಲ್ಲಿ ನಮಗೆ ದೊರೆತವು ೪೬. ಉಳಿದ ನಾಲ್ಕಕ್ಕೆ ಹೊಸ ಬಟ್ಟೆಯನ್ನು ಕೊಳ್ಳೋಣವೆಂದರೆ ವೈನಿಯವರು ಒಪ್ಪದೆ, ತಮ್ಮ ಹರಿದ ಕುಬಸವೊಂದರಿಂದ ಗುಳೇದಗುಡ್ಡದ ಖಣದ ನಾಲ್ಕು ತುಂಡುಗಳನ್ನು ತೆಗೆದುಕೊಟ್ಟರು. ಖಣದ ಬುಟ್ಟಿ ಅಚ್ಚಿನದಲ್ಲ, ನೇಯ್ದದ್ದು. ಮೇಲಾಗಿ ಅದರಲ್ಲಿ ರೇಷ್ಮೆಯ ಎಳೆಯೂ ಇದ್ದಿತು. ಹತ್ತಿಯೊಡನೆ ಹತ್ತಿಯೆಂದು ಮೇಲೆ ನಾನೇ ವಿಧಿಸಿದ ನಿಯಮಕ್ಕೆ ಇದು ವಿರುದ್ಧ. ಮೂಲೆಗಳಿಗೆ ಮಾತ್ರವೆಂದು ಸುಮ್ಮನಾದೆನು; ಇಸ್ತ್ರಿಯ ಕಾವನ್ನು ಅಲ್ಲಿ ಕಡಿಮೆ ಮಾಡಬೇಕಾಯಿತು.

ಚೌಕಗಳನ್ನು ಹೊಲಿಯುವ ಮೊದಲು ಎಲ್ಲವನ್ನೂ ನೆಲದ ಮೇಲೆ ಹಾಸಿ, ಎರಡು ದಿನ ಹಾಗೆಯೇ ಬಿಟ್ಟು, ಹೋಗುತ್ತ ಬರುತ್ತ ನೋಡುವುದು ಒಳ್ಳೆಯದು. ಕಣ್ಣನ್ನು ಅರ್ಧ ಮುಚ್ಚಿಕೊಂಡು ನೋಡಿದರೆ ಯಾವ ಚೌಕವು ಮಿಕ್ಕವನ್ನು ನುಂಗುತ್ತಿದೆಯೆಂಬುದು ತಿಳಿಯುತ್ತದೆ. ಹಳದಿಯ ಬಲೂನುಗಳು ಹಾಗೆ ನುಂಗಿದುವು. ಅವುಗಳನ್ನು ಒಂದೆಡೆಗೆ ಗುಂಪಾಗಿಡದೆ ದೂರದೂರಕ್ಕೆ ಹಂಚಿದೆವು. ಚಿತ್ರಗಳ ತಲೆಗಳು ಯಾವ ಕಡೆಗಿರಬೇಕೆಂಬುದು ಕೌದಿಯ ಉಪಯೋಗದ ಮೇಲಿದೆ. ಮಂಚದ ಮೇಲೆ ಹಾಸುವುದಾದರೆ ಎಲ್ಲವೂ ಒಂದೇ ಕಡೆಗೆ. ನೆಲದ ಮೇಲಿನ ಹಾಸಿನ ಸುತ್ತ ನಾಲ್ಕೂ ಕಡೆಗೆ ಜನ ಕೂಡುವರು, ಕೂಸಾದರೋ ಎಲ್ಲಿಂದೆಲ್ಲಿಗೋ ಹೊರಳುವುದು. ಆದಕಾರಣ ನಾವು ಪ್ರತಿಯೊಂದು ಅಂಚಿನ ಬಳಿಯ ಚಿತ್ರಗಳನ್ನು ಆ ಅಂಚಿನಲ್ಲಿ ಕೂತವರಿಗೆ ನೆಟ್ಟಗೆ ಕಾಣುವಂತೆ ತಿರುಗಿಸಿದೆವು. ಒಂದೇ ಚಿತ್ರದ ಎರಡು ತುಂಡುಗಳಿದ್ದರೆ ಅವುಗಳನ್ನು ದೂರವಿಡುವುದು ಮೇಲು. ಮಗು ಬೆಳೆದಂತೆ ಇದರ ಜೋಡಿ ಎಲ್ಲಿದೆ ಹುಡುಕು ಎಂದು ಆಡಿಸಬಹುದು.

ನಾಲ್ಕು ಉಗಿಬಂಡಿಗಳನ್ನು ಎಲ್ಲಿಡಬೇಕೆಂದು ನಾನು ಹೇಳಲಿಲ್ಲ. ವೈನಿಯವರು ಅವುಗಳನ್ನು ಮೊದಲು ನಡುವೆ ಕೂಡಿಸಿಟ್ಟರು; ಸಂಜೆಗೆ ತೆಗೆದು ಅಂಚಿಗಿಟ್ಟರು; ಮರುದಿನ ನಾನು ಏಳುವುದರೊಳಗಾಗಿ ಒಂದೊಂದನ್ನು ಒಂದೊಂದು ಕಡೆಗೆ, ಗಿಳಿ ಕೊಡೆಗಳ ನಡುವೆ ಹಾಕಿದ್ದರು. ಗೊತ್ತಿಲ್ಲದವರಿಗೆ ಅವು ಬೇರೆ ಚಿತ್ರಗಳಂತೆಯೇ ಒಂದು ಚಿತ್ರ. ಅದನ್ನು ಮತ್ತೆ ಕದಲಿಸಲಿಲ್ಲ.

ಹೊಲಿಗೆಯನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಕೈಯಿಂದಲಾದರೂ ಆಗಬಹುದು, ಯಂತ್ರದಿಂದಲಾದರೂ ಆಗಬಹುದು. ಕಾಲ ಅಂಗುಲವು ಕಾಲಂಗುಲವಾಗಿಯೇ ಇರತಕ್ಕದ್ದು. ಪ್ರತಿ ಹೊಲಿಗೆಪಾಲಿನಲ್ಲಿ ಅಂಗುಲದ ಹದಿನಾರನೆಯ ಒಂದು ಪಾಲು ಹೆಚ್ಚಾಗಿ ಹೋದರೂ, ಒಂದು ಸಾಲಿನ ಎಂಟು ಕೂಡುಗಳಲ್ಲಿ ಎರಡೂ ಕಡೆಯಿಂದ ಸೇರಿ ಪೂರಾ ಒಂದು ಅಂಗುಲ ಮಾಯವಾಗುವುದು. ಆ ಸಾಲು ಮುಂದಿನ ಸಾಲಿಗೆ ಎಂದಿಗೂ ಹೊಂದದು. ಮೊದಲು ಒಂಬತ್ತೊಂಬತ್ತು ಚೌಕಗಳ ಸಾಲುಗಳನ್ನು ಮಾಡಿಕೊಂಡು, ಅನಂತರ ಸಾಲಿಗೆ ಸಾಲನ್ನು ಕೂಡಿಸಿರಿ. ಇಸ್ತ್ರಿ ಮಾಡುವಾಗ ಹೊಲಿಗೆಪಾಲನ್ನು ಯಾವಾಗಲೂ ಸಾದಾ ಚೌಕದ ಕಡೆಗೇ ಮಡಿಚಿರಿ. ಇದರಿಂದ ಎರಡು ಲಾಭಗಳು. ತಿಳಿಬಣ್ಣದ ಚಿತ್ರದ ಹಿಂದೆ ಕಪ್ಪು ಗೆರೆ ಕಾಣುವುದಿಲ್ಲ. ಮತ್ತು ಒಂದು ಸಾಲಿನ ಮಡಿಕೆ ಎಡಕ್ಕಿದ್ದಲ್ಲಿ ಮುಂದಿನ ಸಾಲಿನದು ತಾನಾಗಿಯೇ ಬಲಕ್ಕೆ ಬರುವುದರಿಂದ, ಎರಡು ಸಾಲುಗಳನ್ನು ಕೂಡಿಸುವಾಗ ಮಡಿಕೆಗಳು ಒಂದಕ್ಕೊಂದು ಒತ್ತಿ ಕೂತು ನಾಲ್ಕು ಮೂಲೆಗಳೂ ಒಂದೇ ಚುಕ್ಕೆಯಲ್ಲಿ ಸೇರುವುವು. ಹಾಗೆ ಸೇರಿದಾಗ ಆಗುವ ಸಂತೋಷವನ್ನು ಹೊಲಿದವರೇ ಬಲ್ಲರು.

ನಮ್ಮ ಮೇಲ್ಪದರವು ಒಂಬತ್ತು ದಿನಗಳಲ್ಲಿ ಮುಗಿಯಿತು. ಎರಡು ಕಡೆ ಚುಕ್ಕೆ ತಪ್ಪಿದೆ; ಅವೆರಡೂ ನಾನು ಹೊಲಿದ ಸಾಲುಗಳು. ಅದನ್ನು ಮಡಿಚಿ ಕಪಾಟಿನಲ್ಲಿಟ್ಟ ಮೇಲೆ ಅವ್ವ ಎರಡು ದಿನ ಅದರ ಮಾತನ್ನೇ ಎತ್ತಲಿಲ್ಲ. ಮೂರನೆಯ ದಿನ ಊಟಕ್ಕೆ ಕೂತಾಗ, ಒಳಗೆ ಏನು ಹಾಕತಕ್ಕವರಿದ್ದೀರಿ ಎಂದು ಕೇಳಿದಳು. ಇನ್ನೂ ಹುಡುಕಿಲ್ಲವೆಂದೆವು. ಸಂಜೆ ದೀಪ ಹಚ್ಚುವ ಹೊತ್ತಿಗೆ ಆಕೆಯ ಹಳೆಯ ಸೀರೆಗಳೆರಡು ವೈನಿಯವರ ಹಾಸಿಗೆಯ ಮೇಲಿದ್ದುವು. ಒಂದು ಸಾದಾ ಹತ್ತಿಯದು, ಒಗೆದೊಗೆದು ಬೆಣ್ಣೆಯಂತಾದದ್ದು. ಇನ್ನೊಂದು ಇಳಕಲ್ಲಿನದು. ಅದರ ಸೆರಗು ರೇಷ್ಮೆಯದಾದುದರಿಂದ ಅದನ್ನು ಬಿಡಿಸಿ ಬೇರೆ ಇಡಬೇಕು; ಒಡಲು ಮಾತ್ರ ಒಳಪದರಕ್ಕೆ. ಪದರಗಳನ್ನು ಸುಕ್ಕಿಲ್ಲದಂತೆ ಹಾಸಿ, ಟಾಕು ಹಾಕಿ, ದಾರ ಓಡಿಸಿ ಅಂಚು ಕಟ್ಟುವ ಕ್ರಮವನ್ನು ಮುಂದಿನ ಸಂಚಿಕೆಯಲ್ಲಿ ಬರೆಯುವೆನು. ಅಷ್ಟರೊಳಗಾಗಿ ಸೋದರಿಯರು ಲಗ್ನಪತ್ರಿಕೆಯ ಕಿಟಕಿಯನ್ನು ಮಾಡಿಕೊಂಡು, ಚೌಕಗಳನ್ನು ಕತ್ತರಿಸಿಟ್ಟುಕೊಂಡಿರಬೇಕಾಗಿ ಪ್ರಾರ್ಥನೆ.